ಸ್ಥಳಾಂತರಿಸಬಹುದಾದ ರಸ್ತೆ ಬ್ಯಾರಿಕೇಡ್

ಸ್ಥಳಾಂತರಿಸಬಹುದಾದ ರಸ್ತೆ ಬ್ಯಾರಿಕೇಡ್ ಎಂಬುದು ರಸ್ತೆಯ ಒಂದು ಭಾಗವನ್ನು ತಾತ್ಕಾಲಿಕವಾಗಿ ಮುಚ್ಚಲು, ವಾಹನಗಳನ್ನು ಬದಲಿ ಮಾರ್ಗಕ್ಕೆ ತಿರುಗಿಸಲು ಅಥವಾ ಜನಸಂದಣಿಯನ್ನು ನಿಯಂತ್ರಿಸಲು ಬಳಸುವ, ನೆಲದಲ್ಲಿ ಹೂಳದೆ ನಿಲ್ಲಿಸುವ ತಡೆಯಾಗಿದೆ. ಇದರ ವಿನ್ಯಾಸದಲ್ಲಿ ಪರಸ್ಪರ ವಿರುದ್ಧವಾದ ಮೂರು ಅಗತ್ಯಗಳು ಕೂಡಿಕೊಂಡಿರುತ್ತವೆ. ಒಬ್ಬಿಬ್ಬರು ಎತ್ತಿ ಸಾಗಿಸುವಷ್ಟು ಅದು ಹಗುರವಾಗಿರಬೇಕು. ಗಾಳಿಗೆ ಉರುಳದಷ್ಟು ಭದ್ರವಾಗಿರಬೇಕು. ವಾಹನ ಬಡಿದರೆ ಸವಾರನಿಗೆ ಮಾರಕವಾಗದಷ್ಟು ಮೆದುವಾಗಿರಬೇಕು. ತೂಕವನ್ನು ಹೆಚ್ಚಿಸುವುದೊಂದೇ ಗಾಳಿಗೆ ಪರಿಹಾರವೆಂಬ ಭಾವನೆ ಸಾಮಾನ್ಯವಾಗಿದ್ದರೂ, ಬ್ಯಾರಿಕೇಡಿನ ಸ್ಥಿರತೆಯನ್ನು ಮುಖ್ಯವಾಗಿ ನಿರ್ಧರಿಸುವವು ಗಾಳಿಗೆ ಒಡ್ಡಿದ ಹಲಗೆಯ ವಿಸ್ತೀರ್ಣ ಮತ್ತು ಪಾದದ ಅಗಲ.

ಪದದ ಹಿನ್ನೆಲೆ

'ಬ್ಯಾರಿಕೇಡ್' ಎಂಬ ಪದದ ಮೂಲ ಪೀಪಾಯಿ ಎಂಬ ಅರ್ಥದ 'ಬಾರಿಕ್' ಎಂಬ ಫ್ರೆಂಚ್ ಪದ. ಮಣ್ಣು, ಕಲ್ಲು ತುಂಬಿದ ಪೀಪಾಯಿಗಳನ್ನು ಬೀದಿಗೆ ಅಡ್ಡಲಾಗಿ ಉರುಳಿಸಿ ದಾರಿ ಕಟ್ಟುವ ಪದ್ಧತಿಯಿಂದ ಈ ಹೆಸರು ಬಂದಿತು. 1588ರ ಮೇ 12ರಂದು ಪ್ಯಾರಿಸ್ ನಗರದಲ್ಲಿ ನಡೆದ ದಂಗೆಯು ಇತಿಹಾಸದಲ್ಲಿ 'ಬ್ಯಾರಿಕೇಡ್‌ಗಳ ದಿನ' ಎಂದೇ ಹೆಸರಾಗಿದೆ. ಖಾಲಿ ಪೀಪಾಯಿಯನ್ನು ಸುಲಭವಾಗಿ ಸಾಗಿಸಿ, ಬೇಕಾದಲ್ಲಿ ಮಣ್ಣು ತುಂಬಿ ಭಾರವಾಗಿಸುವ ಆ ಹಳೆಯ ಉಪಾಯವೇ ಇಂದಿನ ಮರಳುಚೀಲಗಳಲ್ಲಿಯೂ ನೀರು ತುಂಬುವ ಪ್ಲಾಸ್ಟಿಕ್ ತಡೆಗಳಲ್ಲಿಯೂ ಉಳಿದುಬಂದಿದೆ.

ವಿಧಗಳು

ಪಟ್ಟಿ ಬ್ಯಾರಿಕೇಡ್: ಎರಡು ಕಾಲುಗಳ ನಡುವೆ ಒಂದು, ಎರಡು ಅಥವಾ ಮೂರು ಅಡ್ಡಪಟ್ಟಿಗಳನ್ನು ಜೋಡಿಸಿದ ಚೌಕಟ್ಟು. ಪಟ್ಟಿಗಳ ಮೇಲೆ ಬೆಳಕನ್ನು ಹಿಂದಕ್ಕೆ ಪ್ರತಿಫಲಿಸುವ ಓರೆಗೆರೆಗಳಿರುತ್ತವೆ. ಕಾಮಗಾರಿ ನಡೆಯುವ ಸ್ಥಳಗಳಲ್ಲಿ ಇದರ ಬಳಕೆ ಹೆಚ್ಚು.

ಗಾಲಿ ಬ್ಯಾರಿಕೇಡ್: ಭಾರತದ ನಗರಗಳಲ್ಲಿ ಸಂಚಾರ ಪೊಲೀಸರು ಬಳಸುವ, ಕಬ್ಬಿಣದ ಕೊಳವೆಗಳಿಂದ ಮಾಡಿದ ಚೌಕಟ್ಟು. ನಡುಭಾಗದಲ್ಲಿ ತಗಡಿನ ಫಲಕವಿದ್ದು, ಅದರ ಮೇಲೆ ಸೂಚನೆಯೊಂದಿಗೆ ಪ್ರಾಯೋಜಕರ ಜಾಹೀರಾತೂ ಇರುವುದುಂಟು.

ಜನಸಂದಣಿ ಬ್ಯಾರಿಕೇಡ್: ಮೆರವಣಿಗೆ, ಜಾತ್ರೆ ಮತ್ತು ಸಭೆಗಳಲ್ಲಿ ಒಂದಕ್ಕೊಂದು ಕೊಂಡಿ ಹಾಕಿ ನಿಲ್ಲಿಸುವ ಸರಳುಗಳ ಬೇಲಿ. ಗಾಳಿ ಸರಳುಗಳ ನಡುವೆ ಹಾದುಹೋಗುವುದರಿಂದ ಇದು ಸಾಮಾನ್ಯವಾಗಿ ಸ್ಥಿರ. ಆದರೆ ಬಟ್ಟೆ ಅಥವಾ ಫ್ಲೆಕ್ಸ್ ಕಟ್ಟಿದೊಡನೆ ಅದು ಹಾಯಿಯಂತೆ ಗಾಳಿಯನ್ನು ಹಿಡಿಯುತ್ತದೆ.

ನೀರು ತುಂಬುವ ತಡೆ: ಟೊಳ್ಳು ಪ್ಲಾಸ್ಟಿಕ್ ಪೆಟ್ಟಿಗೆ. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುವುದರಿಂದ, ನೀರು ತುಂಬಿದಾಗ ಇದು ಬಹಳ ಭಾರವಾಗುತ್ತದೆ. ನೀರು ಸೋರಿದರೆ ಅಥವಾ ತುಂಬಿಸದೆ ಬಿಟ್ಟರೆ ಸಾಧಾರಣ ಗಾಳಿಗೂ ಜರುಗುತ್ತದೆ.

ಕಾಂಕ್ರೀಟ್ ತಡೆ: 1950ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ರೂಪುಗೊಂಡ 'ಜೆರ್ಸಿ ತಡೆ' ಇದರ ಪ್ರಸಿದ್ಧ ಮಾದರಿ. ಗಾಳಿ ಇದನ್ನು ಅಲುಗಿಸಲಾರದು. ಆದರೆ ಸಾಗಿಸಲು ಕ್ರೇನ್ ಬೇಕು.

ಗಾಳಿಯ ಒತ್ತಡ

ಬೀಸುವ ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಪಾತವಾಗಿರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ. ಕಟ್ಟಡಗಳ ಮೇಲಿನ ಗಾಳಿಯ ಹೊರೆಯನ್ನು ಕುರಿತ ಭಾರತೀಯ ಮಾನಕ ಐಎಸ್ 875 (ಭಾಗ 3) ಬಳಸುವ ಸೂತ್ರ ಹೀಗಿದೆ:

ಒತ್ತಡ = 0.6 × ವೇಗ × ವೇಗ

ಇಲ್ಲಿ ವೇಗವನ್ನು ಸೆಕೆಂಡಿಗೆ ಮೀಟರ್‌ಗಳಲ್ಲಿ, ಒತ್ತಡವನ್ನು ಚದರ ಮೀಟರಿಗೆ ನ್ಯೂಟನ್‌ಗಳಲ್ಲಿ ಅಳೆಯಲಾಗುತ್ತದೆ. ಈ ಒತ್ತಡವನ್ನು ಹಲಗೆಯ ವಿಸ್ತೀರ್ಣದಿಂದಲೂ ಆಕಾರ ಗುಣಾಂಕದಿಂದಲೂ (ಚಪ್ಪಟೆ ಹಲಗೆಗೆ ಸುಮಾರು 1.2) ಗುಣಿಸಿದರೆ ಗಾಳಿಯ ಒಟ್ಟು ಬಲ ದೊರೆಯುತ್ತದೆ.

ಈ ಬಲವು ಬ್ಯಾರಿಕೇಡನ್ನು ಎರಡು ರೀತಿಯಲ್ಲಿ ಕೆಡಿಸಬಲ್ಲದು. ಒಂದು, ಗಾಳಿ ಬೀಸುವ ದಿಕ್ಕಿನ ಪಾದದ ಅಂಚನ್ನು ಆಧಾರವಾಗಿಸಿಕೊಂಡು ಉರುಳಿಸುವುದು. ಗಾಳಿಯ ಬಲವನ್ನು ಹಲಗೆಯ ಮಧ್ಯಬಿಂದುವಿನ ಎತ್ತರದಿಂದ ಗುಣಿಸಿದರೆ ಉರುಳಿಸುವ ತಿರುಗುಬಲವೂ, ಬ್ಯಾರಿಕೇಡಿನ ತೂಕವನ್ನು ಪಾದದ ಅರ್ಧ ಅಗಲದಿಂದ ಗುಣಿಸಿದರೆ ಅದನ್ನು ತಡೆಯುವ ತಿರುಗುಬಲವೂ ಸಿಗುತ್ತವೆ. ಎರಡು, ಘರ್ಷಣೆಯನ್ನು ಮೀರಿ ಬ್ಯಾರಿಕೇಡನ್ನು ಜಾರಿಸುವುದು. ಗಾಲಿಗಳ ಮೇಲೆ ನಿಂತ ಬ್ಯಾರಿಕೇಡಿಗೆ ಈ ಘರ್ಷಣೆಯ ನೆರವು ಬಹುಮಟ್ಟಿಗೆ ಇರುವುದಿಲ್ಲ. ಬಿರಿ ಹಾಕದ ಗಾಲಿ ಬ್ಯಾರಿಕೇಡ್ ಗಾಳಿಗೆ ಉರುಳುವ ಮೊದಲೇ ಹರಿದಾಡುತ್ತದೆ.

ಲೆಕ್ಕದ ಉದಾಹರಣೆ

1.5 ಮೀಟರ್ ಉದ್ದ, 1.2 ಮೀಟರ್ ಎತ್ತರ ಮತ್ತು 25 ಕಿಲೋಗ್ರಾಂ ತೂಕದ ಒಂದು ಚೌಕಟ್ಟನ್ನು ಕಲ್ಪಿಸಿಕೊಳ್ಳಬಹುದು. ಗಾಳಿಯ ವೇಗ ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿಲೋಮೀಟರ್ ಇದ್ದರೆ ಒತ್ತಡ ಚದರ ಮೀಟರಿಗೆ 135 ನ್ಯೂಟನ್ ಆಗುತ್ತದೆ. ಕೊಳವೆಗಳ ಮೇಲೆ ಬೀಳುವ ಅಲ್ಪ ಬಲವನ್ನು ಇಲ್ಲಿ ಕೈಬಿಡಲಾಗಿದೆ.

ಪೂರ್ಣ ಫಲಕ, ಕಿರಿದಾದ ಪಾದ: ಚೌಕಟ್ಟಿಗೆ 0.9 ಮೀಟರ್ ಎತ್ತರದ ಫಲಕವಿದ್ದು, ಅದರ ಮಧ್ಯಬಿಂದು ನೆಲದಿಂದ 0.75 ಮೀಟರ್ ಮೇಲಿದೆ; ಪಾದದ ಅಗಲ 0.6 ಮೀಟರ್. ಗಾಳಿಯ ಬಲ ಸುಮಾರು 219 ನ್ಯೂಟನ್. ಉರುಳಿಸುವ ತಿರುಗುಬಲ ಸುಮಾರು 164 ನ್ಯೂಟನ್-ಮೀಟರ್. ತಡೆಯುವ ತಿರುಗುಬಲ ಕೇವಲ 74. ಬ್ಯಾರಿಕೇಡ್ ಉರುಳುತ್ತದೆ. ವಾಸ್ತವವಾಗಿ ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿಯೇ ಇದನ್ನು ಉರುಳಿಸಲು ಸಾಕು.

ಪೂರ್ಣ ಫಲಕ, ಅಗಲ ಪಾದ: ಪಾದವನ್ನು 1 ಮೀಟರಿಗೆ ವಿಸ್ತರಿಸಿದರೆ ತಡೆಯುವ ತಿರುಗುಬಲ 123ಕ್ಕೆ ಏರುತ್ತದೆ. ಆದರೂ 164ನ್ನು ಮುಟ್ಟುವುದಿಲ್ಲ.

ಎರಡು ಪಟ್ಟಿ, ಅಗಲ ಪಾದ: ಫಲಕವನ್ನು ತೆಗೆದು 0.2 ಮೀಟರ್ ಅಗಲದ ಎರಡು ಪಟ್ಟಿಗಳನ್ನು 0.5 ಮತ್ತು 1.1 ಮೀಟರ್ ಎತ್ತರದಲ್ಲಿ ಜೋಡಿಸಿದರೆ ಗಾಳಿಯ ಬಲ ಸುಮಾರು 97 ನ್ಯೂಟನ್‌ಗೆ, ತಿರುಗುಬಲ 78ಕ್ಕೆ ಇಳಿಯುತ್ತದೆ. ತಡೆಯುವ ತಿರುಗುಬಲ 123 ಇರುವುದರಿಂದ, ಒಂದು ಕಿಲೋಗ್ರಾಂ ಭಾರವನ್ನೂ ಸೇರಿಸದೆ ಬ್ಯಾರಿಕೇಡ್ ಉರುಳದೆ ನಿಲ್ಲುತ್ತದೆ.

ಆದರೆ ಘರ್ಷಣೆಯ ಗುಣಾಂಕ 0.4 ಎಂದಿಟ್ಟುಕೊಂಡರೆ ಜಾರುವಿಕೆಯನ್ನು ತಡೆಯುವ ಬಲವೂ ಸುಮಾರು 98 ನ್ಯೂಟನ್ ಮಾತ್ರ. ಆದುದರಿಂದ ಪಾದಗಳ ಮೇಲೆ 10 ಕಿಲೋಗ್ರಾಮಿನ ಎರಡು ಮರಳುಚೀಲಗಳನ್ನು ಇಡುವುದು ಯುಕ್ತ. ಆಗ ತಡೆಯುವ ಬಲ 176 ನ್ಯೂಟನ್ ಆಗುತ್ತದೆ. ಪೂರ್ಣ ಫಲಕ ಮತ್ತು ಕಿರಿದಾದ ಪಾದವಿರುವ ಮೊದಲ ಬ್ಯಾರಿಕೇಡಿಗೆ ಒಂದೂವರೆ ಪಟ್ಟು ಸುರಕ್ಷತೆ ಬೇಕಾದರೆ ಸುಮಾರು 59 ಕಿಲೋಗ್ರಾಂ ಹೆಚ್ಚುವರಿ ಭಾರ ಬೇಕಾಗುತ್ತದೆ. ಸೂಚನೆ ನೀಡಲು ಎರಡು ಪಟ್ಟಿಗಳೇ ಸಾಕು. ಉಳಿದ ಫಲಕ ಜಾಹೀರಾತಿಗೆ ಸ್ಥಳ ಒದಗಿಸುತ್ತದೆ, ಜೊತೆಗೆ ಗಾಳಿಗೂ ಎದೆಯೊಡ್ಡುತ್ತದೆ.

ವಿನ್ಯಾಸದ ತತ್ವಗಳು

ಗಾಳಿಗೆ ದಾರಿ ಬಿಡುವುದು ಮೊದಲ ತತ್ವ. ಫಲಕ ಅನಿವಾರ್ಯವಾದರೆ ತೂತುಗಳುಳ್ಳ ತಗಡು ಅಥವಾ ಜಾಲರಿಯನ್ನು ಬಳಸಬಹುದು. ಫ್ಲೆಕ್ಸಿನಲ್ಲಿ ಅಲ್ಲಲ್ಲಿ ಸಣ್ಣ ಸೀಳುಗಳನ್ನು ಮಾಡುವುದರಿಂದ ಒತ್ತಡ ಹೆಚ್ಚೇನೂ ಇಳಿಯುವುದಿಲ್ಲ.

ಪಾದವು ಎರಡೂ ಬದಿಗೆ ಸಮನಾಗಿ ಚಾಚಿರಬೇಕು. ಗಾಳಿ ಯಾವ ಕಡೆಯಿಂದಲಾದರೂ ಬೀಸಬಹುದು. ಪಕ್ಕದಲ್ಲಿ ವೇಗವಾಗಿ ಹಾದುಹೋಗುವ ಬಸ್ಸು, ಲಾರಿಗಳೂ ಗಾಳಿಯನ್ನು ತಳ್ಳುತ್ತವೆ. ಪಾದವು ಎಡವುವಂತಿರಬಾರದು, ಅದರ ತುದಿಗೆ ಪ್ರತಿಫಲಕ ಬಣ್ಣವಿರಬೇಕು.

ಬ್ಯಾರಿಕೇಡ್‌ಗಳನ್ನು ನೇರ ಸಾಲಿನಲ್ಲಿ ಕೊಂಡಿ ಹಾಕಿದರೆ ಎಲ್ಲವೂ ಒಂದೇ ದಿಕ್ಕಿಗೆ ಉರುಳಬಲ್ಲವು. ಸಾಲನ್ನು ಅಂಕುಡೊಂಕಾಗಿ, ಒಂದಕ್ಕೊಂದು ಕೋನದಲ್ಲಿ ಜೋಡಿಸಿದರೆ ಪ್ರತಿಯೊಂದೂ ಪಕ್ಕದ್ದಕ್ಕೆ ಊರುಗೋಲಾಗುತ್ತದೆ.

ಭಾರ ಇಡುವ ಕ್ರಮ

ಭಾರವನ್ನು ಪಾದದ ಮೇಲೆ, ಸಾಧ್ಯವಾದಷ್ಟು ಕೆಳಗೆ ಇಡಬೇಕು. ಉರುಳುವಿಕೆ ಆರಂಭವಾಗುವ ಕ್ಷಣದಲ್ಲಿ ತೂಕದ ಎತ್ತರ ಲೆಕ್ಕಕ್ಕೆ ಬರುವುದಿಲ್ಲವಾದರೂ, ಒಮ್ಮೆ ವಾಲಿದ ಬ್ಯಾರಿಕೇಡ್ ಮತ್ತೆ ನೆಟ್ಟಗಾಗುವುದೋ ಬೀಳುವುದೋ ಎಂಬುದನ್ನು ಗುರುತ್ವ ಕೇಂದ್ರದ ಎತ್ತರವೇ ನಿರ್ಧರಿಸುತ್ತದೆ. ಪಾದದ ಅಗಲ 0.6 ಮೀಟರ್, ಗುರುತ್ವ ಕೇಂದ್ರ 0.6 ಮೀಟರ್ ಎತ್ತರದಲ್ಲಿದ್ದರೆ ಸುಮಾರು 27 ಡಿಗ್ರಿ ವಾಲಿದೊಡನೆ ಅದು ಬೀಳುತ್ತದೆ. ಪಾದ 1 ಮೀಟರ್, ಗುರುತ್ವ ಕೇಂದ್ರ 0.3 ಮೀಟರ್ ಇದ್ದರೆ 59 ಡಿಗ್ರಿಯವರೆಗೂ ಹಿಂದಿರುಗಬಲ್ಲದು.

ಗಾಳಿಗೆ ಬ್ಯಾರಿಕೇಡ್ ಬೀಳದಿರಲೆಂದು ಸೈಜುಗಲ್ಲು, ಕಾಂಕ್ರೀಟ್ ತುಂಡುಗಳನ್ನು ಅದರ ಮೇಲೋ ಬುಡದಲ್ಲೋ ಇಡುವುದು ಅಪಾಯಕಾರಿ. ವಾಹನ ಬಡಿದಾಗ ಕಲ್ಲು ಸಿಡಿಯುತ್ತದೆ. ಬ್ಯಾರಿಕೇಡನ್ನು ತೆಗೆದ ಮೇಲೂ ರಸ್ತೆಯಲ್ಲಿಯೇ ಉಳಿದ ಕಲ್ಲು ರಾತ್ರಿಯ ದ್ವಿಚಕ್ರ ಸವಾರನಿಗೆ ಕಾಣುವುದಿಲ್ಲ. ಅಮೆರಿಕದ ಏಕರೂಪ ಸಂಚಾರ ನಿಯಂತ್ರಣ ಸಾಧನಗಳ ಕೈಪಿಡಿಯು ಪಟ್ಟಿಯ ಮೇಲೆ ಭಾರ ಇಡುವುದನ್ನೂ, ಕಲ್ಲು ಮತ್ತು ಕಾಂಕ್ರೀಟ್ ತುಂಡುಗಳನ್ನು ಭಾರವಾಗಿ ಬಳಸುವುದನ್ನೂ ನಿಷೇಧಿಸಿ, ಚೌಕಟ್ಟಿನ ಕೆಳಭಾಗದಲ್ಲಿ ಮರಳುಚೀಲಗಳನ್ನಿಡಲು ಅವಕಾಶ ನೀಡಿದೆ. ಚೀಲವಾದರೆ ಬಡಿದೊಡನೆ ಹರಿದು ಚೆಲ್ಲುತ್ತದೆ.

ಹುಬ್ಬಳ್ಳಿ-ಧಾರವಾಡದ ಸನ್ನಿವೇಶ

ಹುಬ್ಬಳ್ಳಿಯು ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿ, ಮಲೆನಾಡು ಬಯಲುಸೀಮೆಗೆ ಇಳಿಯುವ ಸೆರಗಿನಲ್ಲಿದೆ. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಈ ಪ್ರದೇಶದಲ್ಲಿ ಸತತವಾಗಿ ಬೀಸುತ್ತದೆ; ನೆರೆಯ ಗದಗ ಜಿಲ್ಲೆಯಲ್ಲಿ ಸ್ಥಾಪಿತವಾಗಿರುವ ಗಾಳಿಯಂತ್ರಗಳು ಇದಕ್ಕೆ ಸಾಕ್ಷಿ. ಏಪ್ರಿಲ್-ಮೇ ತಿಂಗಳ ಗುಡುಗುಸಹಿತ ಅಡ್ಡಮಳೆಗೆ ಮುನ್ನ ಬರುವ ಬಿರುಗಾಳಿ ಇನ್ನೂ ಅಪಾಯಕರ, ಏಕೆಂದರೆ ಅದು ಹಠಾತ್ತನೆ ಏಳುತ್ತದೆ. ಹವಾಮಾನಶಾಸ್ತ್ರದ ವ್ಯಾಖ್ಯೆಯಂತೆ ಇಂತಹ ಬಿರುಗಾಳಿಯ ವೇಗ ಸೆಕೆಂಡಿಗೆ ಕನಿಷ್ಠ 11 ಮೀಟರ್, ಅಂದರೆ ಗಂಟೆಗೆ ಸುಮಾರು 40 ಕಿಲೋಮೀಟರ್. ಮೇಲಿನ ಉದಾಹರಣೆಯ ಫಲಕದ ಬ್ಯಾರಿಕೇಡ್ ಅದಕ್ಕಿಂತ ಕಡಿಮೆ ವೇಗಕ್ಕೇ ಉರುಳುತ್ತದೆ.

ಅವಳಿ ನಗರದಲ್ಲಿ ಇಂತಹ ತಡೆಗಳ ಬಳಕೆ ವ್ಯಾಪಕವಾಗಿದೆ. ರಾಣಿ ಚೆನ್ನಮ್ಮ ವೃತ್ತದ ಮೇಲ್ಸೇತುವೆ ಕಾಮಗಾರಿ, ರಾಷ್ಟ್ರೀಯ ಹೆದ್ದಾರಿ 48ರ ಬೈಪಾಸ್ ವಿಸ್ತರಣೆ ಹಾಗೂ ಗಣೇಶೋತ್ಸವದ ಮೆರವಣಿಗೆಗಳು ಇದರ ಪ್ರಮುಖ ಸಂದರ್ಭಗಳು. ಈ ಸ್ಥಳಗಳ ಅಗತ್ಯಗಳು ಒಂದೇ ಬಗೆಯವಲ್ಲ. ಬೈಪಾಸಿನ ಬಯಲಿನಲ್ಲಿ ಗಾಳಿಗೆ ತಡೆಯಿಲ್ಲ, ಲಾರಿಗಳ ವೇಗವೂ ಹೆಚ್ಚು. ಸವಾಯಿ ಗಂಧರ್ವ ಸಭಾಂಗಣವಿರುವ ದೇಶಪಾಂಡೆ ನಗರದಂತಹ ಬಡಾವಣೆಗಳಲ್ಲಿ ಕಟ್ಟಡಗಳು ಗಾಳಿಯನ್ನು ಒಡೆಯುತ್ತವೆ. ಆದರೆ ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ, ರಸ್ತೆಗಳು ಕೂಡುವ ತಿರುವಿನಲ್ಲಿ ಅದರ ವೇಗ ಹೆಚ್ಚುತ್ತದೆ. ಅಲ್ಲಿ ಬ್ಯಾರಿಕೇಡ್ ಬೀಳುವುದು ಪಾದಚಾರಿಗಳ ಮತ್ತು ಸೈಕಲ್ ಸವಾರರ ಮೇಲೆ. ಆದುದರಿಂದ ಬಡಾವಣೆಗಳ ಬ್ಯಾರಿಕೇಡಿಗೆ ಪಟ್ಟಿಯ ರಚನೆ ಮತ್ತು ಗಾಲಿಯ ಬಿರಿ, ಹೆದ್ದಾರಿಯದಕ್ಕೆ ಇವುಗಳೊಂದಿಗೆ ಹೆಚ್ಚಿನ ಭಾರ ಮುಖ್ಯವಾಗುತ್ತವೆ.

ನೆಲದ ಗುಣವೂ ಇಲ್ಲಿ ಗಣನೀಯ. ಈ ಭಾಗದ ಎರೆಮಣ್ಣು ಮಳೆಯಲ್ಲಿ ಹಿಗ್ಗಿ ಮೆತ್ತಗಾಗುತ್ತದೆ. ಡಾಂಬರಿನ ಅಂಚು ದಾಟಿ ಮಣ್ಣಿನ ಮೇಲೆ ನಿಲ್ಲಿಸಿದ ಬ್ಯಾರಿಕೇಡಿನ ಒಂದು ಕಾಲು ಹುದುಗಿ ಅದು ಮೊದಲೇ ವಾಲಿರುತ್ತದೆ. ಅಂತಹ ಕಡೆ ಪಾದದಡಿ ಅಗಲವಾದ ಹಲಗೆ ಅಥವಾ ತಗಡು ಹಾಕುವುದು ಅವಶ್ಯಕ. ಚೀಲಗಳಿಗೆ ಎರೆಮಣ್ಣಿನ ಬದಲು ಮರಳು ಅಥವಾ ಎಂ-ಸ್ಯಾಂಡ್ ತುಂಬುವುದು ಉತ್ತಮ. ಒಣಗಿದ ಎರೆಮಣ್ಣು ಹೆಂಟೆಗಟ್ಟಿ ಕಲ್ಲಿನಂತಾಗುತ್ತದೆ. ಬೇಸಿಗೆಯ ನೀರಿನ ಅಭಾವದಲ್ಲಿ ನೀರು ತುಂಬುವ ತಡೆಗಳಿಗಿಂತ ಮರಳುಚೀಲ ಹೆಚ್ಚು ನಂಬಲರ್ಹ.

ಮಾನದಂಡ ಮತ್ತು ಕಾನೂನು

ಕಾಮಗಾರಿ ವಲಯಗಳ ಸಂಚಾರ ನಿರ್ವಹಣೆಗೆ ಭಾರತದಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ:ಎಸ್‌ಪಿ:55 ಮಾರ್ಗಸೂಚಿ ಆಧಾರವಾಗಿದೆ. 2001ರ ಈ ಕೈಪಿಡಿಯನ್ನು 2014ರಲ್ಲಿ ಪರಿಷ್ಕರಿಸಲಾಯಿತು. ಗಾಳಿಯ ಹೊರೆಗೆ ಐಎಸ್ 875 (ಭಾಗ 3)ರ 2015ರ ಆವೃತ್ತಿ ಬಳಕೆಯಲ್ಲಿದೆ. ಅದರಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ವೇಗವನ್ನು ಸೂಚಿಸಲಾಗಿದೆ. ಇವು ನೆಲದಿಂದ 10 ಮೀಟರ್ ಎತ್ತರದಲ್ಲಿ, 50 ವರ್ಷಗಳ ಅವಧಿಗೆ ಅಂದಾಜಿಸಿದ ಗರಿಷ್ಠ ಗಾಳಿಯ ವೇಗಗಳು. ಸೊಂಟದೆತ್ತರದ ತಾತ್ಕಾಲಿಕ ಬ್ಯಾರಿಕೇಡನ್ನು ಅಷ್ಟಕ್ಕೆ ಸಜ್ಜುಗೊಳಿಸಿದರೆ ಅದು ಸಾಗಿಸುವಂತೆಯೇ ಉಳಿಯುವುದಿಲ್ಲ. ಆದುದರಿಂದ ಸಾಮಾನ್ಯ ಬಿರುಗಾಳಿಗೆ ತಕ್ಕಂತೆ ವಿನ್ಯಾಸ ಮಾಡಿ, ತೀವ್ರ ಗಾಳಿಯ ಮುನ್ಸೂಚನೆ ಬಂದಾಗ ಭಾರ ಹೆಚ್ಚಿಸುವುದು ಅಥವಾ ಬ್ಯಾರಿಕೇಡ್ ಬದಲು ಕಾವಲು ಸಿಬ್ಬಂದಿಯನ್ನು ನಿಲ್ಲಿಸುವುದು ಸೂಕ್ತ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ನಿಗದಿತ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ನಿರ್ವಹಣೆ

ಬಿದ್ದ ಬ್ಯಾರಿಕೇಡ್ ಎರಡು ಬಗೆಯ ಅಪಾಯವನ್ನು ತರುತ್ತದೆ: ಅದು ಕಾಯುತ್ತಿದ್ದ ಗುಂಡಿ ಅಥವಾ ಅಗೆತ ಮರೆಯಿಲ್ಲದೆ ತೆರೆದುಕೊಳ್ಳುತ್ತದೆ, ಮುಖ ಕೆಳಗಾದ ಪ್ರತಿಫಲಕ ಹೊಳೆಯದ ಕಾರಣ ಚೌಕಟ್ಟೇ ಕತ್ತಲಲ್ಲಿ ಅಡ್ಡಿಯಾಗುತ್ತದೆ. ಆದುದರಿಂದ ಕತ್ತಲಾಗುವ ಮೊದಲೊಮ್ಮೆ ಮತ್ತು ಪ್ರತಿ ಬಿರುಗಾಳಿಯ ನಂತರ ಪರಿಶೀಲನೆ ಅಗತ್ಯ. ಚೀಲ ಹರಿದಿಲ್ಲವೇ, ಗಾಲಿಯ ಬಿರಿ ಹಿಡಿಯುತ್ತದೆಯೇ, ಪಾದದ ಬೆಸುಗೆ ತುಕ್ಕು ಹಿಡಿದಿಲ್ಲವೇ, ಯಾರಾದರೂ ಫ್ಲೆಕ್ಸ್ ಕಟ್ಟಿ ಹೋಗಿಲ್ಲವೇ ಎಂಬುದನ್ನು ನೋಡಬೇಕು. ಕೆಲಸ ಮುಗಿದೊಡನೆ ಬ್ಯಾರಿಕೇಡನ್ನೂ ಭಾರದ ಚೀಲಗಳನ್ನೂ ರಸ್ತೆಯಿಂದ ತೆರವುಗೊಳಿಸಬೇಕು.