‘ಸ್ಕೇಪ್‌ಗೋಟ್’ ಎಂಬ ಪದದ ಪೂರ್ವವೃತ್ತಾಂತ

ಅನ್ಯರ ಅಪರಾಧವನ್ನು ತನ್ನ ತಲೆಯ ಮೇಲೆ ಹೊರಬೇಕಾಗಿ ಬಂದ ನಿರಪರಾಧಿಯನ್ನು ಆಂಗ್ಲರು ‘ಸ್ಕೇಪ್‌ಗೋಟ್’ ಎನ್ನುವರು. ನಮ್ಮ ಪತ್ರಿಕೆಗಳು ಇದನ್ನು ‘ಬಲಿಪಶು’ ಎಂದೋ ‘ಹರಕೆಯ ಕುರಿ’ ಎಂದೋ ಕನ್ನಡಿಸುವುದು ರೂಢಿ. ಆದರೆ ಮೂಲವನ್ನು ವಿಚಾರಿಸಿದಲ್ಲಿ, ಈ ಪ್ರಾಣಿಯು ಬಲಿಯಾದುದಲ್ಲ, ಬಲಿಯಿಂದ ಉಳಿದುದು ಎಂಬುದು ವಾಚಕರಿಗೆ ವಿದಿತವಾಗುವುದು.

ಬೈಬಲಿನ ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ಯೆಹೂದ್ಯರು ವರ್ಷಕ್ಕೊಮ್ಮೆ ಆಚರಿಸತಕ್ಕ ದೋಷಪರಿಹಾರದ ವಿಧಿಯಿದೆ. ಮಹಾಯಾಜಕನು ಎರಡು ಹೋತಗಳನ್ನು ನಿಲ್ಲಿಸಿ ಚೀಟಿ ಹಾಕುವನು. ಒಂದು ದೇವರ ಪಾಲಿನದು, ಅದನ್ನು ವಧಿಸುವರು. ಮತ್ತೊಂದು ‘ಅಜಾಜೇಲ’ನ ಪಾಲಿನದು. ಯಾಜಕನು ಅದರ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು, ಜನರ ಸಮಸ್ತ ಪಾಪಗಳನ್ನೂ ಬಾಯಿಬಿಟ್ಟು ಅರಿಕೆಮಾಡಿ, ಜೀವಸಹಿತ ಅಡವಿಗೆ ಅಟ್ಟಿಸುವನು. ಎರಡನೆಯ ದೇವಾಲಯದ ಕಾಲದಲ್ಲಿ ಅದನ್ನು ಕಡಿದಾದ ಬೆಟ್ಟದಿಂದ ತಳ್ಳುತ್ತಿದ್ದರೆಂದು ಮಿಷ್ನಾ ಗ್ರಂಥವು ಹೇಳುವುದಾದರೂ, ಮೂಲವಿಧಿಯಲ್ಲಿ ವಧೆಯ ಮಾತಿಲ್ಲ.

‘ಅಜಾಜೇಲ’ ಎಂಬುದರ ಅರ್ಥವು ಇಂದಿಗೂ ವಿವಾದಾಸ್ಪದವೇ. ಅದು ಅಡವಿಯ ಭೂತದ ಹೆಸರೆಂದು ಕೆಲವರ ಮತ. ಮೇಕೆ, ಹೋಗುವುದು ಎಂಬರ್ಥದ ಎರಡು ಹೀಬ್ರೂ ಶಬ್ದಗಳ ಸಮಾಸವೆಂದು ಬಿಡಿಸುವುದು ಇನ್ನೊಂದು ಪ್ರಾಚೀನ ಸಂಪ್ರದಾಯ. ಬೈಬಲನ್ನು ಲ್ಯಾಟಿನಿಗೆ ತಂದ ಜೆರೋಮನು ಇದನ್ನೇ ಅನುಸರಿಸಿದನು. 1530ರಲ್ಲಿ ಮೊದಲ ಐದು ಕಾಂಡಗಳನ್ನು ಹೀಬ್ರೂವಿನಿಂದ ಆಂಗ್ಲಭಾಷೆಗೆ ತಂದ ವಿಲಿಯಂ ಟಿಂಡೇಲನು ‘ತಪ್ಪಿಸಿಕೊಂಡ ಮೇಕೆ’ ಎಂಬರ್ಥದ ಈ ಪದವನ್ನು ಟಂಕಿಸಿದನು. 1536ರಲ್ಲಿ ಆತನನ್ನು ಪಾಷಂಡಿಯೆಂದು ಕೊರಳು ಬಿಗಿದು ಕೊಂದು, ದೇಹವನ್ನು ಸುಟ್ಟರು. ಪದವು ಮಾತ್ರ ಉಳಿದು 1611ರ ಜೇಮ್ಸ್ ರಾಜನ ಬೈಬಲನ್ನು ಸೇರಿತು. 1885ರ ಪರಿಷ್ಕೃತ ಭಾಷಾಂತರವು ‘ಅಜಾಜೇಲ’ ಎಂದೇ ಬರೆಯುವ ವೇಳೆಗೆ ಅದು ಆಡುಮಾತಿನಲ್ಲಿ ಬೇರೂರಿತ್ತು.

ಆದರೆ ಗ್ರಂಥದಿಂದ ಬೀದಿಗೆ ಇಳಿಯುವಾಗ ಮುಖ್ಯಾಂಶವೊಂದು ಕಳೆದುಹೋಯಿತು. ಮೂಲವಿಧಿಯಲ್ಲಿ ಪಾಪವು ತಮ್ಮದೆಂದು ಜನರು ಒಪ್ಪಿಕೊಳ್ಳುವರು. ಮೇಕೆಯು ನಿರ್ದೋಷಿಯೆಂದು ಸರ್ವರಿಗೂ ಗೊತ್ತು. ಇಂದಿನ ಬಳಕೆಯಲ್ಲಾದರೋ ಅರಿಕೆಯೇ ಇಲ್ಲ. ಅಟ್ಟುವವರೇ ಅದನ್ನು ದೋಷಿಯೆಂದು ಸಾರುವರು.

ನಾನು ಉಪಾಧ್ಯಾಯನಾಗಿದ್ದಾಗ, ತರಗತಿಯ ಗಡಿಯಾರ ಒಡೆದುದಕ್ಕಾಗಿ ಎಲ್ಲರೂ ಬೊಟ್ಟುಮಾಡಿದ ಹುಡುಗನೊಬ್ಬನನ್ನು ವಿಚಾರಿಸದೆ ಹೊರಗೆ ಹಾಕಿದೆನು. ಒಡೆದವನು ಬೇರೊಬ್ಬನೆಂದು ತಿಳಿಯುವಷ್ಟರಲ್ಲಿ ಆ ಹುಡುಗನು ಶಾಲೆಯನ್ನೇ ಬಿಟ್ಟಿದ್ದನು. ಅವನು ಬಲಿಪಶುವಲ್ಲ, ‘ಪರದೋಷವಾಹಿ’. ಆ ದೋಷದಲ್ಲಿ ನನ್ನ ಪಾಲೂ ಉಂಟೆಂದು, ತಡವಾಗಿಯಾದರೂ, ಇಲ್ಲಿ ಅರಿಕೆಮಾಡಿಕೊಳ್ಳುತ್ತೇನೆ.