ತಲಪರಿಗೆಯಿಂದ ಕೊಳವೆಬಾವಿಗೆ: ಹಲ್ಲಿನ ಮೇಲೆ ಉಳಿದ ನೀರಿನ ಚರಿತ್ರೆ

ಮರಳು ನೆಲದಡಿ ಹರಿಯುವ ನೀರು ಮೇಲಕ್ಕೆ ಜಿನುಗುವ ಊಟೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ತಲಪರಿಗೆ ಎಂದು ಹೆಸರು. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ (ಪರಿಷ್ಕೃತ ಆವೃತ್ತಿ, 1897) ಇದನ್ನು ತುಮಕೂರು ಜಿಲ್ಲೆಯ ಈಶಾನ್ಯ ಭಾಗದ ವೈಶಿಷ್ಟ್ಯವೆಂದು ದಾಖಲಿಸಿದೆ. ದಕ್ಷಿಣದಲ್ಲಿ ಊಟೆಗಳು ಒತ್ತೊತ್ತಾಗಿ ಸಿಗುತ್ತಿದ್ದವು. ಉತ್ತರಕ್ಕೆ ಸಾಗಿದಂತೆ ವಿರಳವಾಗುತ್ತಿದ್ದವು. ಪಾವಗಡದಲ್ಲಿ ಎಷ್ಟೋ ಕಡೆ ಮೆದುಕಲ್ಲು ಕಡಿದ ಮೇಲೆಯೇ ನೀರು ಕಾಣುತ್ತಿತ್ತು. ಆ ನೀರನ್ನು ಕಿರುಗಾಲುವೆಯಲ್ಲಿ ಹೊಲಕ್ಕೆ ಹಾಯಿಸುತ್ತಿದ್ದರು, ಇಲ್ಲವೇ ಬಾವಿ ತೋಡಿ, ಎತ್ತು ಹೂಡಿ ಕಪಿಲೆಯಿಂದ ಮೇಲೆತ್ತುತ್ತಿದ್ದರು.

1967ರ ಬರದ ಹೊತ್ತಿಗೆ ಯುನಿಸೆಫ್ ನೆರವಿನಿಂದ ಗಟ್ಟಿ ಬಂಡೆ ಕೊರೆಯುವ ಯಂತ್ರಗಳು ಭಾರತಕ್ಕೆ ಬಂದವು. ಮುಂದಿನ ದಶಕಗಳಲ್ಲಿ ಕೈಪಂಪು, ಆಮೇಲೆ ಪಂಪ್‌ಸೆಟ್ಟು ಊರೂರಿಗೂ ಹಬ್ಬಿದವು. ಅಂತರ್ಜಲ ಇಳಿದಂತೆ ಊಟೆಗಳು ಬತ್ತಿದವು, ಕೊಳವೆಬಾವಿಗಳು ಇನ್ನೂ ಆಳಕ್ಕಿಳಿದವು. ಮರಳಿನಲ್ಲಿ ಇಂಗಿ ಬೇಗ ಹೊರಬರುವ ನೀರಿಗೆ ಬಂಡೆಯ ಸಂಗ ಕಡಿಮೆ. ಗ್ರಾನೈಟ್, ನೈಸ್ ಶಿಲೆಗಳ ಬಿರುಕಿನಲ್ಲಿ ದೀರ್ಘಕಾಲ ನಿಂತ ನೀರಿಗಾದರೋ ಅಲ್ಲಿನ ಖನಿಜಗಳಿಂದ ಫ್ಲೋರೈಡ್ ಇಳಿಯುತ್ತದೆ.

ಫ್ಲೋರೈಡ್ ಅತಿಯಾಗಿ ಹಲ್ಲು, ಮೂಳೆ ಕೆಡುವ ರೋಗವೇ ಫ್ಲೋರೋಸಿಸ್. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪುವ ಮಿತಿ. ಬೇರೆ ನೀರಿಲ್ಲದಿದ್ದರೆ 1.5. ಇದನ್ನು ಮೀರಿದರೆ ಮೊದಲ ಪೆಟ್ಟು ಮಕ್ಕಳಿಗೆ. ಹುಟ್ಟಿನಿಂದ ಸುಮಾರು 8 ವರ್ಷದವರೆಗೆ ಶಾಶ್ವತ ಹಲ್ಲುಗಳ ಎನಾಮೆಲ್ ರೂಪುಗೊಳ್ಳುತ್ತದೆ. ಆ ಅವಧಿಯಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲು ಮೂಡುವಾಗಲೇ ಸುಣ್ಣದಂಥ ಬಿಳಿ ಗೀರುಗಳಿರುತ್ತವೆ. ಬರಬರುತ್ತಾ ಅವು ಕಂದುಬಣ್ಣಕ್ಕೆ ತಿರುಗುತ್ತವೆ. ಎಷ್ಟು ಉಜ್ಜಿದರೂ ಆ ಕಲೆ ಹೋಗದು. ವರ್ಷಗಟ್ಟಲೆ ಅದೇ ನೀರು ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಕೆಲವು ಮಕ್ಕಳ ಮೊಣಕಾಲು ಒಳಕ್ಕೆ ಬಾಗುತ್ತದೆ.

ಒಮ್ಮೆ ಕೆಟ್ಟ ಎನಾಮೆಲನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ದಂತವೈದ್ಯರು ಕಲೆಯನ್ನು ಮರೆಮಾಡಬಲ್ಲರು. ತೀರಾ ಬಾಗಿದ ಕಾಲಿಗೆ ಶಸ್ತ್ರಚಿಕಿತ್ಸೆ ಬೇಕು. ಆದ್ದರಿಂದ ನೀರು ಬದಲಿಸುವುದೇ ಮುಖ್ಯ ಆರೈಕೆ. ಸುಣ್ಣದಂಶ, ಪ್ರೋಟೀನ್, ಸಿ ಜೀವಸತ್ವವಿರುವ ಊಟ ಹಾನಿಯನ್ನು ತಗ್ಗಿಸುತ್ತದೆ: ಹಾಲು, ಬೇಳೆ, ನೆಲ್ಲಿಕಾಯಿ. ಶಾಲಾ ಮಕ್ಕಳಿಗೆ ಹಾಲು ಕೊಡಲು 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲು ಈ ಸೀಮೆಯ ಶಾಲೆಗಳಲ್ಲಿ ಹೀಗೂ ಉಪಕಾರಿ. ಫ್ಲೋರೋಸಿಸ್ ತಡೆಯ ರಾಷ್ಟ್ರೀಯ ಕಾರ್ಯಕ್ರಮ 2008–09ರಲ್ಲಿ ಶುರುವಾಯಿತು.

ಊರೂರಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿ ಕ್ಯಾನು ತುಂಬಿಕೊಳ್ಳುತ್ತಾರೆ. ಯಂತ್ರ ಕೆಟ್ಟ ದಿನ ಮತ್ತೆ ಬೋರ್‌ವೆಲ್ ನೀರೇ ಗತಿ. ತುಂಗಭದ್ರಾ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆಯ ಹಿಂದಿರುವುದೂ ಫ್ಲೋರೈಡಿನ ಕಾಟವೇ. ಶುದ್ಧ ನೀರು ಸಿಗದ ದಿನ ಬೋರ್‌ವೆಲ್ ನೀರನ್ನೇ ಕಾಯಿಸಿ ಕುಡಿದರೆ ಸಾಕೆಂಬ ನಂಬಿಕೆ ಸಲ್ಲದು: ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.