ರಂಗತಂಡಗಳಲ್ಲಿ ಮಕ್ಕಳ ಸುರಕ್ಷತೆ: ನಂಬಿಕೆಯ ಜತೆಗೆ ನಿಯಮವೂ ಬೇಕು

ಬೇಸಿಗೆ ರಜೆ ಬಂತೆಂದರೆ ರಾಜ್ಯದ ನಗರಗಳಲ್ಲಿ ಮಕ್ಕಳ ರಂಗಶಿಬಿರಗಳ ಸುಗ್ಗಿ. ಮೈಸೂರಿನ ರಂಗಾಯಣದ ‘ಚಿಣ್ಣರ ಮೇಳ’ದ ಪ್ರವೇಶಕ್ಕೆ ಪೋಷಕರು ಸರದಿಯಲ್ಲಿ ನಿಲ್ಲುವುದು ವಾಡಿಕೆಯಾಗಿದೆ. ಬಡಾವಣೆಯ ಹವ್ಯಾಸಿ ತಂಡಗಳೂ ಸಮುದಾಯ ಭವನದಲ್ಲೋ ಶಾಲೆಯ ಸಭಾಂಗಣದಲ್ಲೋ ಚಿಕ್ಕಪುಟ್ಟ ಶಿಬಿರ ನಡೆಸುತ್ತವೆ. ಶಿಬಿರ ಮುಗಿದ ಮೇಲೂ ಅಲ್ಲಿನ ಕೆಲವು ಮಕ್ಕಳು ತಂಡದಲ್ಲೇ ಉಳಿದು ದೊಡ್ಡವರ ನಾಟಕಗಳಲ್ಲಿ ಪಾತ್ರ ವಹಿಸುವುದುಂಟು. ಆದರೆ ಸಂಜೆ ಏಳಕ್ಕೆ ತಾಲೀಮಿಗೆ ಬಂದ ಮಗು ರಾತ್ರಿ ಮನೆ ಸೇರುವವರೆಗೆ ಯಾರ ಹೊಣೆ ಎಂಬ ಪ್ರಶ್ನೆಗೆ ಅನೇಕ ತಂಡಗಳಲ್ಲಿ ಸ್ಪಷ್ಟ ಉತ್ತರವಿಲ್ಲ.

ಕನ್ನಡ ರಂಗಭೂಮಿಗೆ ಮಕ್ಕಳು ಹೊಸಬರಲ್ಲ. ಬಾಲ್ಯದಲ್ಲೇ ಮನೆ ತೊರೆದು ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ದೇಶದ ಪ್ರಮುಖ ರಂಗನಿರ್ದೇಶಕರಾದರು. ಡಾ. ರಾಜ್‌ಕುಮಾರ್ ಅವರ ಅಭಿನಯದ ಮೊದಲ ಪಾಠಗಳೂ ತಂದೆ ಪುಟ್ಟಸ್ವಾಮಯ್ಯನವರ ಜತೆ ನಾಟಕ ಕಂಪನಿಯಲ್ಲೇ ನಡೆದವು. ಆಗ ಕಂಪನಿಯೆಂಬುದು ಒಂದು ಸಂಚಾರಿ ಸಂಸಾರವಾಗಿತ್ತು. ಊಟ, ವಸತಿ, ಕಲಿಕೆ ಎಲ್ಲವೂ ಒಂದೇ ಬಿಡಾರದಲ್ಲಿ ನಡೆಯುತ್ತಿದ್ದವು. ಇಂದಿನ ಹವ್ಯಾಸಿ ತಂಡದ ಸ್ವರೂಪ ಬೇರೆ. ಸದಸ್ಯರು ಕಚೇರಿ ಮುಗಿಸಿ ಬರುತ್ತಾರೆ, ತಾಲೀಮು ಮುಗಿಸಿ ಚದುರುತ್ತಾರೆ. ಹೊಸಬರು ಬರುತ್ತಾರೆ, ಹಳಬರು ಬಿಡುತ್ತಾರೆ. ಯಾರು ಎಲ್ಲಿಂದ ಬಂದವರೆಂದು ಯಾರೂ ವಿಚಾರಿಸುವುದಿಲ್ಲ. ‘ನಮ್ಮವರೇ’ ಎಂಬ ನಂಬಿಕೆಯೊಂದೇ ಎಲ್ಲ ವ್ಯವಸ್ಥೆಯ ಜಾಗವನ್ನು ತುಂಬುತ್ತದೆ.

ಈ ನಂಬಿಕೆ ಎಲ್ಲ ಸಂದರ್ಭಗಳಲ್ಲೂ ಸಾಲದೆಂಬುದಕ್ಕೆ ಆಧಾರವಿದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತ್ತು. ಲೈಂಗಿಕ ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಮಗುವಿನ ವಿಶ್ವಾಸದ ಸ್ಥಾನದಲ್ಲಿದ್ದವರು ಎಂದು ಅದು ಕಂಡುಕೊಂಡಿತು.

ಮಗು ಎಂದರೆ ಯಾರು?

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಅಂದರೆ ಪೋಕ್ಸೊ, 2012ರ ನವೆಂಬರ್ 14ರಂದು ಜಾರಿಗೆ ಬಂದಿತು. ಅದರ ಪ್ರಕಾರ 18 ವರ್ಷ ತುಂಬದ ಹುಡುಗ, ಹುಡುಗಿ ಎಲ್ಲರೂ ಮಕ್ಕಳೇ. ರಂಗತಂಡಗಳು ಎಡವುವುದು ಇಲ್ಲಿಯೇ. ಆರು ವರ್ಷದ ಪುಟಾಣಿಯ ವಿಷಯದಲ್ಲಿ ಎಲ್ಲರೂ ಎಚ್ಚರ ವಹಿಸುತ್ತಾರೆ. ಪಿಯುಸಿ ಓದುವ ಹದಿನಾರರ ಹುಡುಗ ಅಥವಾ ಹುಡುಗಿ ಮಾತ್ರ ತಂಡದಲ್ಲಿ ದೊಡ್ಡವರ ಸಾಲಿಗೆ ಸೇರಿಬಿಡುತ್ತಾರೆ. ತಡರಾತ್ರಿಯ ಚರ್ಚೆ, ಪ್ರಯಾಣ, ಸಲಿಗೆ ಎಲ್ಲದರಲ್ಲೂ ಪಾಲುಗೊಳ್ಳುತ್ತಾರೆ. ‘ಅವರೇ ಒಪ್ಪಿದ್ದರು’ ಎಂಬ ಸಮರ್ಥನೆಗೆ ಈ ಕಾಯ್ದೆಯಲ್ಲಿ ಜಾಗವಿಲ್ಲ. ನಿರ್ದೇಶಕರು ಪಾತ್ರ ಕೊಡುವವರಾದ್ದರಿಂದ ಆ ವಯಸ್ಸಿನವರಿಗೆ ‘ಬೇಡ’ ಎನ್ನುವುದು ಇನ್ನಷ್ಟು ಕಷ್ಟ.

ಎಚ್ಚರ ಬೇಕಾದ ಸಂದರ್ಭಗಳು

ರಂಗಕಲೆ ದೇಹದ ಮೂಲಕ ನಡೆಯುವ ಕಲೆ. ಕಣ್ಣು ಕಟ್ಟಿ ಆಡುವ ಆಟ, ಹಿಂದಕ್ಕೆ ಬಿದ್ದವರನ್ನು ಇತರರು ಹಿಡಿಯುವ ಅಭ್ಯಾಸ, ನಿಲುವು ತಿದ್ದುವುದು, ಇವುಗಳಲ್ಲಿ ಸ್ಪರ್ಶ ಸಹಜ. ಆದುದರಿಂದ ಸ್ಪರ್ಶವನ್ನು ನಿಷೇಧಿಸುವುದು ಪರಿಹಾರವಲ್ಲ. ಏನು ಮಾಡಲಿದ್ದೇವೆ, ಏಕೆ ಎಂದು ಮೊದಲೇ ಹೇಳುವುದು, ಮಗುವನ್ನು ಕೇಳಿ ಮುಂದುವರಿಯುವುದು, ಎಲ್ಲರ ಎದುರಿನಲ್ಲೇ ಮಾಡುವುದು ಕ್ರಮ. ಬೇಡವೆಂದ ಮಗು ಆಟದಿಂದ ಹೊರಗುಳಿದರೆ ಪಾತ್ರ ಕೈತಪ್ಪಬಾರದು, ಗೇಲಿಯೂ ಆಗಬಾರದು.

ಗ್ರೀನ್ ರೂಮ್ ಎರಡನೆಯ ಸ್ಥಳ. ಅನೇಕ ರಂಗಮಂದಿರಗಳಲ್ಲಿ ಬಣ್ಣ ಹಚ್ಚಲು, ಉಡುಪು ಬದಲಿಸಲು ಇಕ್ಕಟ್ಟಾದ ಒಂದೆರಡು ಕೋಣೆಗಳಷ್ಟೇ ಇರುತ್ತವೆ. ದೃಶ್ಯ ಬದಲಾಗುವ ಅವಸರದಲ್ಲಿ ಮರೆಯ ಮಾತೇ ಮರೆತುಹೋಗುತ್ತದೆ. ಬೇರೆ ಕೋಣೆ ಇಲ್ಲದಿದ್ದರೆ ಒಂದು ಪರದೆಯಾದರೂ ಕಟ್ಟಬೇಕು. ಮಕ್ಕಳ ಉಡುಪಿನ ಉಸ್ತುವಾರಿಗೆ ಇಬ್ಬರನ್ನು ಮೊದಲೇ ಗೊತ್ತುಪಡಿಸಬೇಕು. ಅಲ್ಲಿ ಮೊಬೈಲ್ ಕ್ಯಾಮೆರಾ ಬಳಸಲೇಬಾರದು. ಪ್ರದರ್ಶನದ ಛಾಯಾಚಿತ್ರಗಳನ್ನು ಜಾಲತಾಣಗಳಿಗೆ ಹಾಕುವ ಮುನ್ನ ಪೋಷಕರ ಲಿಖಿತ ಒಪ್ಪಿಗೆ ಪಡೆಯುವುದು ಲೇಸು.

ಮೂರನೆಯದು ರಾತ್ರಿಯ ಪಯಣ. ನಾಟಕ ಸ್ಪರ್ಧೆಗಾಗಿ ಪರಊರಿಗೆ ಹೋಗುವಾಗ ವಸತಿಯ ವ್ಯವಸ್ಥೆ ಕೊನೆ ಗಳಿಗೆಯಲ್ಲಿ ತೀರ್ಮಾನವಾಗುವುದು ಹವ್ಯಾಸಿಗಳ ಪಾಡು. ಮಕ್ಕಳು ಯಾವ ಕೋಣೆಯಲ್ಲಿ, ಯಾರ ಜತೆ ಮಲಗುತ್ತಾರೆಂಬುದು ಹೊರಡುವ ಮುನ್ನವೇ ಪೋಷಕರಿಗೆ ತಿಳಿದಿರಬೇಕು. ತಾಲೀಮಿನ ನಂತರ ಒಬ್ಬ ಹಿರಿಯರು ಒಂದೇ ಮಗುವನ್ನು ತಮ್ಮ ವಾಹನದಲ್ಲಿ ಕರೆದೊಯ್ಯುವ ರೂಢಿಯನ್ನು ಕೈಬಿಡಬೇಕು. ನಿರ್ದೇಶಕರು ಮಗುವಿಗೆ ಖಾಸಗಿಯಾಗಿ ಸಂದೇಶ ಕಳಿಸುವ ಬದಲು ಪೋಷಕರೂ ಇರುವ ವಾಟ್ಸ್‌ಆ್ಯಪ್ ಗುಂಪಿನಲ್ಲೇ ತಿಳಿಸಬೇಕು.

ಇನ್ನೊಂದು ಸಂಗತಿಯನ್ನು ರಂಗಭೂಮಿ ಬಹುಕಾಲ ಶಿಸ್ತೆಂದೇ ಭಾವಿಸಿತ್ತು. ಎಲ್ಲರೆದುರು ಬೈದು, ಅಳಿಸಿ ‘ಅಭಿನಯ ಹೊರತೆಗೆಯುವ’ ಪದ್ಧತಿ ಅದು. ಅವಮಾನಕ್ಕೆ ಒಗ್ಗಿಹೋದ ಮಗು ಮುಂದೆ ದೊಡ್ಡ ಅನ್ಯಾಯ ಎದುರಾದಾಗಲೂ ಬಾಯಿ ತೆರೆಯಲು ಹಿಂಜರಿಯುತ್ತದೆ. ಮಕ್ಕಳ ರಕ್ಷಣೆಯೆಂದರೆ ಲೈಂಗಿಕ ದೌರ್ಜನ್ಯದ ತಡೆ ಮಾತ್ರವೆಂದು ತಿಳಿಯುವುದು ಆದುದರಿಂದಲೇ ತಪ್ಪು.

ಕಾನೂನು ಏನು ಹೇಳುತ್ತದೆ?

2020ರ ಪೋಕ್ಸೊ ನಿಯಮಗಳ ಪ್ರಕಾರ, ಮಕ್ಕಳೊಂದಿಗೆ ನಿಯಮಿತ ಸಂಪರ್ಕ ಇರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರ ಮೂಲಕ ಕಾಲಕಾಲಕ್ಕೆ ಪರಿಶೀಲಿಸಬೇಕು. ನಿಯಮದ ಮಾತು ನೌಕರರ ಕುರಿತಾದದ್ದು. ‘ನಮ್ಮಲ್ಲಿ ಸಂಬಳದವರೇ ಇಲ್ಲ’ ಎಂದು ಹವ್ಯಾಸಿ ತಂಡ ಇದರಿಂದ ನುಣುಚಿಕೊಳ್ಳಬಹುದು. ಆದರೆ ಸಂಬಳವಿಲ್ಲದ ಮಾತ್ರಕ್ಕೆ ಅಪಾಯ ಕಡಿಮೆಯಾಗುವುದಿಲ್ಲ. ಶಿಬಿರದಲ್ಲಿ ಕಲಿಸುವ ಎಲ್ಲರಿಂದಲೂ ಪೊಲೀಸ್ ಪರಿಶೀಲನಾ ಪತ್ರ ಪಡೆಯುವುದು ತಂಡಕ್ಕೂ ಶ್ರೇಯಸ್ಕರ. ಪರಿಶೀಲನೆಯಿಂದ ತಿಳಿಯುವುದು ಹಿಂದಿನ ದಾಖಲೆ ಮಾತ್ರ. ಅದೊಂದನ್ನೇ ನೆಚ್ಚಿ ಉಳಿದ ಎಚ್ಚರ ಬಿಡುವಂತಿಲ್ಲ.

ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯು 14 ವರ್ಷದೊಳಗಿನವರು ಕಲಾವಿದರಾಗಿ ದುಡಿಯಲು ಷರತ್ತಿನ ಮೇಲೆ ಅವಕಾಶ ನೀಡಿದೆ. ಹವ್ಯಾಸಕ್ಕಾಗಿ ಅಭಿನಯಿಸುವ ಮಗುವೂ ಈ ವ್ಯಾಖ್ಯೆಯೊಳಗೆ ಬರುತ್ತದೆ. 2017ರ ನಿಯಮಗಳಂತೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸತತ 27 ದಿನಗಳನ್ನು ಮೀರುವಂತಿಲ್ಲ. ಗರಿಷ್ಠ ಐದು ಮಕ್ಕಳಿಗೆ ಒಬ್ಬರಂತೆ ಹೊಣೆಗಾರರಿರಬೇಕು. ಶಾಲೆಯ ಪಾಠಕ್ಕೆ ಅಡ್ಡಿಯಾಗಬಾರದು, ಮಗುವಿನ ಇಚ್ಛೆಗೆ ವಿರುದ್ಧವಾಗಿ ಪಾತ್ರ ಮಾಡಿಸಬಾರದು. ವಾಣಿಜ್ಯ ಕಾರ್ಯಕ್ರಮವಾದರೆ ಜಿಲ್ಲಾ ದಂಡಾಧಿಕಾರಿಯ ಅನುಮತಿ ಅಗತ್ಯ. ಮಗುವಿನ ಸಂಪಾದನೆಯ ಕನಿಷ್ಠ ಶೇ 20ರಷ್ಟು ಹಣವನ್ನು ಮಗುವಿನ ಹೆಸರಿನಲ್ಲೇ ನಿಶ್ಚಿತ ಠೇವಣಿ ಇಡಬೇಕು.

ದೂರು ಬಂದಾಗ

ತಂಡದ ನಿಜವಾದ ಪರೀಕ್ಷೆ ನಡೆಯುವುದು ಮಗುವೊಂದು ಬಾಯಿಬಿಟ್ಟ ದಿನ. ಹಿರಿಯರನ್ನು ಕೂಡಿಸಿ, ಆರೋಪಿಯಿಂದ ಕ್ಷಮೆ ಕೇಳಿಸಿ, ‘ತಂಡದ ಮರ್ಯಾದೆ’ಯ ಹೆಸರಿನಲ್ಲಿ ವಿಷಯ ಮುಗಿಸುವುದು ಸಮಾಜದ ಹಳೆಯ ಚಾಳಿ. ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, ಅಪರಾಧ ನಡೆದಿರುವುದು ಅಥವಾ ನಡೆಯುವ ಸಂಭವ ಇರುವುದು ತಿಳಿದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಪ್ಪಿದರೆ 21ನೇ ಕಲಂ ಅನ್ವಯ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಅಧೀನದಲ್ಲಿರುವವರ ಕೃತ್ಯವನ್ನು ಮುಚ್ಚಿಟ್ಟರೆ ಶಿಕ್ಷೆ ಒಂದು ವರ್ಷದವರೆಗೆ. ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ, ಬಹುತೇಕ ಸಂದರ್ಭಗಳಲ್ಲಿ ಅದು ತಪ್ಪಿತಸ್ಥರನ್ನು ಕಾಪಾಡುವ ಯತ್ನ ಎಂದು 2022ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸದುದ್ದೇಶದಿಂದ ಮಾಹಿತಿ ನೀಡಿದವರಿಗೆ ಕಾಯ್ದೆಯ ರಕ್ಷಣೆಯಿದೆ.

ಮಗು ಹೇಳುವುದನ್ನು ಅಡ್ಡಬಾಯಿ ಹಾಕದೆ ಕೇಳಬೇಕು, ಪದೇ ಪದೇ ವಿಚಾರಿಸಬಾರದು. ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆ ಕೊಡಬಾರದು, ಏಕೆಂದರೆ ಹೇಳಲೇಬೇಕಾಗುತ್ತದೆ. ಹೇಳಿದ ಮಾತನ್ನು ಮಗುವಿನ ಮಾತಿನಲ್ಲೇ ಬರೆದಿಡಬೇಕು. ಆರೋಪಿಗೆ ಮುನ್ಸೂಚನೆ ಕೊಡದೆ ಮಕ್ಕಳ ಸಂಪರ್ಕದಿಂದ ದೂರವಿಡಬೇಕು. ಮಗುವಿನ ಗುರುತು ಎಲ್ಲಿಯೂ ಹೊರಬೀಳಬಾರದು. ಪೊಲೀಸ್ ಠಾಣೆಯ ಭಯದಿಂದ ಪೋಷಕರು ಹಿಂಜರಿಯಬೇಕಾಗಿಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿ ದಾಖಲಿಸಬೇಕೆಂಬುದು ಕಾಯ್ದೆಯ ವಿಧಿ. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಉಚಿತವಾಗಿ ಲಭ್ಯ.

ಪೋಷಕರು ಕೇಳಬೇಕಾದ ಪ್ರಶ್ನೆಗಳು

* ತಂಡ ನೋಂದಾಯಿತವೇ? ಮಕ್ಕಳ ರಕ್ಷಣೆಯ ಲಿಖಿತ ನಿಯಮಾವಳಿ ಇದೆಯೇ?

* ಮಕ್ಕಳ ಹೊಣೆ ಹೊತ್ತ ವ್ಯಕ್ತಿ ಯಾರು? ಅವರು ನಿರ್ದೇಶಕರಲ್ಲದೆ ಬೇರೆಯವರೇ?

* ಕಲಿಸುವವರ ಹಿನ್ನೆಲೆ ಪರಿಶೀಲನೆ ಆಗಿದೆಯೇ?

* ತಾಲೀಮನ್ನು ಪೋಷಕರು ಯಾವಾಗ ಬೇಕಾದರೂ ಬಂದು ನೋಡಬಹುದೇ?

* ತಾಲೀಮು ಎಷ್ಟು ಹೊತ್ತಿಗೆ ಮುಗಿಯುತ್ತದೆ? ಮಗುವನ್ನು ಯಾರ ಕೈಗೆ ಒಪ್ಪಿಸಲಾಗುತ್ತದೆ?

ಇಂಥ ಪ್ರಶ್ನೆಗಳನ್ನು ಅನುಮಾನವೆಂದು ಬಗೆದು ಮುನಿಯುವ ತಂಡಕ್ಕಿಂತ, ಕೇಳುವ ಮೊದಲೇ ಉತ್ತರವನ್ನು ಗೋಡೆಗೆ ಅಂಟಿಸಿಡುವ ತಂಡ ಮೇಲು. ನಿಯಮ ಇದ್ದರೆ ಪ್ರಾಮಾಣಿಕ ನಿರ್ದೇಶಕರಿಗೂ ಅದು ಗುರಾಣಿ. ರಂಗಭೂಮಿಯಿಂದ ಮಕ್ಕಳು ಕಲಿಯುವ ಮೊದಲ ಪಾಠ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಮಾತನಾಡುವುದು. ತಮಗೆ ಇಷ್ಟವಿಲ್ಲದ್ದನ್ನು ಬೇಡವೆನ್ನಲು, ನೋವಾದಾಗ ಹೇಳಿಕೊಳ್ಳಲು ಅದೇ ಧೈರ್ಯ ನೆರವಾಗಬೇಕಾದರೆ ಆ ಮಾತನ್ನು ಕೇಳುವ ಕಿವಿ ತಂಡದಲ್ಲೇ ಇರಬೇಕು.